ಅಡ್ಡಗೆರೆಯ ಜೇಬು

ಆ ಲಾಂಡ್ರಿಗೆ ಹೊಸಬರು ಯಾರಾದರೂ ಬಂದು ಐದು ನಿಮಿಷ ನಿಂತರೆ ಸಾಕು, ಎದೆ ಝಲ್ಲೆನ್ನುವ ಮಾತು ಕಿವಿಗೆ ಬೀಳುತ್ತಿತ್ತು. "ಡಾಕ್ಟರನ್ನ ನೆನೆಹಾಕಿದ್ಯೇನೋ?" ಎಂದು ಇಸ್ತ್ರಿ ಮೇಜಿನಿಂದ ಅಣ್ಣ ಕೇಳುವುದು. "ನೆನೆಹಾಕಿ, ತಿಕ್ಕಿ, ಹಿಂಡಿ ಆಯ್ತು. ವಕೀಲರು ಇನ್ನೂ ಒಣಗಿಲ್ಲ" ಎಂದು ಹಿಂದಿನ ಕೋಣೆಯಿಂದ ತಮ್ಮ ಕೂಗುವುದು. "ಬ್ಯಾಂಕ್ ಮ್ಯಾನೇಜರನ್ನ ಬೇರೆ ಇಡು ಮಾರಾಯ, ಬಣ್ಣ ಬಿಡ್ತಾರೆ." ಹೊಸಬರು ಕಣ್ಣು ಕಣ್ಣು ಬಿಡುತ್ತಿದ್ದರು. ಹಳಬರು ನಗುತ್ತಿದ್ದರು.

ಇದರಲ್ಲಿ ಯಾರನ್ನೂ ಹೀಯಾಳಿಸುವ ಉದ್ದೇಶ ಇರಲಿಲ್ಲ. ದಿನಕ್ಕೆ ಅರವತ್ತು ಎಪ್ಪತ್ತು ಮನೆಯ ಬಟ್ಟೆ ಬಂದು ಬೀಳುವ ಕಡೆ, ಇದು ಡಾಕ್ಟರ ಶರ್ಟು, ಅದು ವಕೀಲರ ಕೋಟು ಎಂದು ಬಿಡಿಸಿ ಹೇಳುತ್ತ ಕೂತರೆ ಕೆಲಸ ಸಾಗುವುದಿಲ್ಲ. ಅದಕ್ಕೇ ಬಟ್ಟೆಯನ್ನು ತೊಡುವವರ ಹೆಸರಿನಿಂದಲೇ ಕರೆಯುವ ರೂಢಿ ಬೆಳೆದಿತ್ತು, ಅದೂ ಮರ್ಯಾದೆಯ ಬಹುವಚನದಲ್ಲಿ. ಮೂವತ್ತು ವರ್ಷ ಹೀಗೆ ಕರೆದೂ ಕರೆದೂ ಅಣ್ಣನಿಗೆ ಬಟ್ಟೆ ಬೇರೆ, ಮನುಷ್ಯ ಬೇರೆ ಎಂಬುದು ಅಷ್ಟಾಗಿ ನೆನಪಿಗೆ ಬರುತ್ತಲೇ ಇರಲಿಲ್ಲ. ಮುಖದ ವಿಷಯದಲ್ಲಂತೂ ಅವನು ಶುದ್ಧ ದಡ್ಡ. ಒಮ್ಮೆ ಕ್ಷೌರದಂಗಡಿಯಲ್ಲಿ ಕತ್ತಿನವರೆಗೆ ಬಿಳಿ ಬಟ್ಟೆ ಹೊದ್ದು ಕೂತಿದ್ದ ಡಾಕ್ಟರು ಪಕ್ಕದ ಕುರ್ಚಿಯಿಂದ ಮಾತಾಡಿಸಿದರೆ, "ತಾವು ಯಾರು ಗೊತ್ತಾಗ್ಲಿಲ್ಲ" ಎಂದುಬಿಟ್ಟಿದ್ದ. ಅದೇ ಡಾಕ್ಟರ ಶರ್ಟಿನ ತೋಳನ್ನಷ್ಟೇ ತೋರಿಸಿದ್ದರೆ ಕಣ್ಣು ಮುಚ್ಚಿ ಹೇಳುತ್ತಿದ್ದ.

ಬೀದಿಗೆಲ್ಲ ಅವನು ಅಣ್ಣ, ಅವನ ತಮ್ಮ ತಮ್ಮ. ತಮ್ಮನಿಗೆ ನಲವತ್ತೆರಡು ತುಂಬಿತ್ತು, ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವರೂ "ತಮ್ಮ ಅವರೇ, ನಾಳೆ ಬಟ್ಟೆ ಸಿಗುತ್ತಾ?" ಎನ್ನುತ್ತಿದ್ದರು. ಅಪ್ಪ ಅಮ್ಮ ಹೋದಾಗ ತಮ್ಮನಿಗೆ ಒಂಬತ್ತು ವರ್ಷ. ಅಣ್ಣನೇ ಸಾಕಿದ. ಅಣ್ಣನಿಗೆ ಮದುವೆಯಾಯಿತು, ಮಕ್ಕಳಾಗಲಿಲ್ಲ, ಆರು ವರ್ಷದ ಹಿಂದೆ ಹೆಂಡತಿಯೂ ತೀರಿಕೊಂಡಳು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಈಗ ಅಣ್ಣತಮ್ಮ ಇಬ್ಬರೇ. ತಮ್ಮನ ಮದುವೆಯ ಮಾತು ಒಂದೆರಡು ಸಲ ಬಂದಿತ್ತು, ಹಾಗೇ ಹಿಂದೆ ಬಿದ್ದಿತ್ತು. ಒಗೆಯುವುದು, ಚೀಟಿ ಬರೆಯುವುದು, ಸೈಕಲ್ಲಿನ ಬುಟ್ಟಿಯಲ್ಲಿಟ್ಟು ಮನೆಮನೆಗೆ ಮುಟ್ಟಿಸುವುದು ಎಲ್ಲ ಅವನೇ ಮಾಡುತ್ತಿದ್ದ. ಅವನು ಅಂಗಡಿಯ ಕೈಕಾಲು. ಕೈಕಾಲಿಗೆ ಮದುವೆ ಮಾಡಬೇಕೆಂದು ಯಾರಿಗೆ ಹೊಳೆಯುತ್ತದೆ?

ಅಂಗಡಿಗೆ ಇದ್ದದ್ದು ಒಂದೇ ಕಟ್ಟುಪಾಡು: ಗಿರಾಕಿಯ ಬಟ್ಟೆಯನ್ನು ತಮಾಷೆಗೂ ಮೈಮೇಲೆ ಹಾಕಿಕೊಳ್ಳಬಾರದು. ಲಾಂಡ್ರಿಯವರ ಬಗ್ಗೆ ಜನ ಮೊದಲು ಆಡಿಕೊಳ್ಳುವುದೇ ಅದನ್ನ. ಒಂದು ಸಲ ಆ ಹೆಸರು ಬಂತೋ, ಅಂಗಡಿಗೆ ಬೀಗ ಹಾಕಿಕೊಂಡು ಹೋಗಬೇಕಾಗುತ್ತದೆ ಎಂದು ಅಣ್ಣ ಹೇಳುತ್ತಲೇ ಇರುತ್ತಿದ್ದ.

ಎರಡು ವರ್ಷದ ಹಿಂದೆ ಠಾಣೆಯವರು ಬೀದಿಯ ಅಂಗಡಿಯವರನ್ನೆಲ್ಲ ಕರೆದು ಸಭೆ ಮಾಡಿದರು. ಬೀದಿಗೆ ಮುಖ ಮಾಡಿದ ಒಂದೊಂದು ಕ್ಯಾಮೆರಾ ಹಾಕಿಸಿಕೊಳ್ಳಿ, ಅದರ ದೃಶ್ಯ ನೇರ ನಮಗೂ ಬರಲಿ ಎಂದರು. ಬೇಕರಿಯವನು ಅನುಮಾನಿಸಿದ, ಮೊಬೈಲ್ ಅಂಗಡಿಯವನು ನೋಡೋಣ ಎಂದ. ಮೊದಲು ಕೈ ಎತ್ತಿದವನು ಅಣ್ಣ. "ಈ ಅಂಗಡಿಯ ಕ್ಯಾಮೆರಾ ಪೊಲೀಸರ ಜೊತೆಗಿದೆ" ಎಂಬ ಹಳದಿ ಚೀಟಿಯನ್ನು ಬಾಗಿಲಿನ ಗಾಜಿಗೆ ಅವನೇ ಅಂಟಿಸಿ, ಗುಳ್ಳೆ ಬರದ ಹಾಗೆ ಬಟ್ಟೆಯಿಂದ ಒತ್ತಿ ಒತ್ತಿ ಸವರಿದ. ಒಳಗೆ ಇನ್ನೊಂದು ಕ್ಯಾಮೆರಾ ಇತ್ತು. ಅದು ಸ್ವಂತದ್ದು, ಠಾಣೆಗೆ ಅದರ ಸಂಪರ್ಕ ಇರಲಿಲ್ಲ. ನನ್ನ ಪ್ಯಾಂಟು ಕಳೆದಿರಿ ಎಂದು ಜಗಳಕ್ಕೆ ಬರುವವರಿಗೆ ತೋರಿಸಲೆಂದು ಹಾಕಿಸಿದ್ದು. ಎರಡರಲ್ಲೂ ಹತ್ತು ದಿನದ ದೃಶ್ಯ ಉಳಿಯುತ್ತಿತ್ತು. ಹನ್ನೊಂದನೆಯ ದಿನ ಹಳೆಯದು ತಾನಾಗಿ ಅಳಿಸಿಹೋಗುತ್ತಿತ್ತು.

ಆ ಬುಧವಾರ ಸಂಜೆ ಐದು ಗಂಟೆ ದಾಟಿದ ಮೇಲೆ ಹೊರಗೆ ಕೂಗಾಟ ಕೇಳಿಸಿ ಅಣ್ಣ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಓಡಿದ. ನರ್ಸಮ್ಮ ಫುಟ್‌ಪಾತಿನ ಅಂಚಿಗೆ ತಲೆ ಬಡಿದು ಬಿದ್ದಿದ್ದರು. ಬೀದಿಯ ಅರ್ಧ ಜನರಿಗೆ ಸೂಜಿ ಚುಚ್ಚಿದ ಮುದುಕಿ ಅವರು. ಕೆಲಸದಿಂದ ನಿವೃತ್ತರಾಗಿ ಹದಿನೈದು ವರ್ಷವಾಗಿದ್ದರೂ ಯಾರಿಗೆ ಜ್ವರ ಬಂದರೂ ಮೊದಲು ಅವರನ್ನೇ ಕೇಳುತ್ತಿದ್ದರು. ಯಾರೋ ಸೈಕಲ್ಲಿನವನು ಗುದ್ದಿ ನಿಲ್ಲದೆ ಹೋದನಂತೆ. ಕಂಡವರೆಲ್ಲ ಬಿದ್ದವರನ್ನು ಕಂಡಿದ್ದರು, ಗುದ್ದಿದವನನ್ನು ಯಾರೂ ಸರಿಯಾಗಿ ಕಂಡಿರಲಿಲ್ಲ. ಆಸ್ಪತ್ರೆಯ ಗಾಡಿಗೆ ಹತ್ತಿಸುವಾಗ ಕಾಲಿನ ಕಡೆ ಹಿಡಿದವನು ಅಣ್ಣನೇ.

ಶುಕ್ರವಾರ ಹನ್ನೊಂದಕ್ಕೆ ಇನ್ಸ್‌ಪೆಕ್ಟರೂ ಹೇಳಿಕೆ ಬರೆದುಕೊಳ್ಳುವ ಪೇದೆಯೂ ಅಂಗಡಿಗೆ ಬಂದರು. ಅಣ್ಣ ಕುರ್ಚಿ ಒರೆಸಿ ಕೊಟ್ಟ.

"ನಿಮ್ಮ ಕ್ಯಾಮೆರಾದಲ್ಲೇ ಸಿಕ್ಕಿದಾನೆ," ಎಂದರು ಇನ್ಸ್‌ಪೆಕ್ಟರು, ಮೊಬೈಲು ಮುಂದೆ ಹಿಡಿದು. "ಆದ್ರೆ ಏನು ಪ್ರಯೋಜನ, ತಲೇನೇ ಇಲ್ಲ."

ನಿಜವೇ. ಬಿಸಿಲಿಗೆಂದು ಅಂಗಡಿಯ ಮುಂದೆ ಇಳಿಬಿಟ್ಟ ಪರದೆ ಮೇಲ್ಭಾಗ ಮುಚ್ಚಿತ್ತು. ಎದುರಿಗೆ ನಿಂತಿದ್ದ ಬ್ರೆಡ್ಡಿನ ವ್ಯಾನು ಕೆಳಭಾಗ ಮುಚ್ಚಿತ್ತು. ನಡುವೆ ಉಳಿದ ಮೊಳದಷ್ಟು ಜಾಗದಲ್ಲಿ ಒಂದು ಶರ್ಟು ಬಂತು, ತಟ್ಟನೆ ಮುಗ್ಗರಿಸಿತು, ನಿಂತಿತು. ಒಂದು ಕೈ ಕೆಳಗೆ ಚಾಚಿತು. ಆಮೇಲೆ ಆ ಕೈ ಹಿಂದಕ್ಕೆ ಸರಿಯಿತು, ಶರ್ಟು ಮುಂದಕ್ಕೆ ಹೋಯಿತು. ಎಲ್ಲ ಸೇರಿ ನಾಲ್ಕು ಸೆಕೆಂಡು.

ಅಣ್ಣನ ಮುಖ ಅರಳಿತು. ತಿಳಿ ಹಸಿರು ಬಟ್ಟೆ, ಮೈಗೆಲ್ಲ ಉದ್ದ ಗೆರೆ, ಜೇಬಿಗೆ ಮಾತ್ರ ಅಡ್ಡ ಗೆರೆ. ಬಟ್ಟೆ ಸಾಲದೆ ಬಂದು, ಉಳಿದ ತುಂಡನ್ನು ಅಡ್ಡ ತಿರುಗಿಸಿ ಜೇಬು ಹೊಲಿದವರು ಚಿತ್ರಕಲೆ ಮೇಷ್ಟ್ರ ಹೆಂಡತಿ. ಅಂಥ ಶರ್ಟು ಊರಿನಲ್ಲಿ ಇನ್ನೊಂದಿರಲಿಲ್ಲ.

"ಅಯ್ಯೋ, ಇವರು ನಮ್ಮ ಮೇಷ್ಟ್ರು," ಎಂದ.

"ಯಾವ ಮೇಷ್ಟ್ರು?"

"ಡ್ರಾಯಿಂಗ್ ಮೇಷ್ಟ್ರು. ನೀರಿನ ಟ್ಯಾಂಕಿನ ಹಿಂದಿನ ಮನೆ."

"ಖಾತ್ರಿನಾ?"

"ಖಾತ್ರಿ ಕೇಳ್ತೀರಾ ಸಾರ್. ಏಳು ವರ್ಷದಿಂದ ವಾರವಾರ ನನ್ನ ಕೈಗೆ ಬರ್ತಾರೆ. ಸಾವಿರ ಜನರ ಮಧ್ಯೆ ಇಟ್ರೂ ಎತ್ತಿ ಕೊಡ್ತೀನಿ."

ಇನ್ಸ್‌ಪೆಕ್ಟರು ಪೇದೆಯ ಕಡೆ ನೋಡಿದರು. ಪೇದೆ ಬರೆದ: ಚಿತ್ರದಲ್ಲಿ ಕಾಣುವ ವ್ಯಕ್ತಿಯು ತನಗೆ ಏಳು ವರ್ಷಗಳಿಂದ ಪರಿಚಯವಿರುವ ಚಿತ್ರಕಲಾ ಶಿಕ್ಷಕರೇ ಆಗಿರುತ್ತಾರೆಂದು ಖಚಿತವಾಗಿ ಗುರುತಿಸಿರುತ್ತಾರೆ. ಅಣ್ಣ ಕನ್ನಡಕ ಹುಡುಕಲು ಹೋಗದೆ ತೋರಿಸಿದ ಜಾಗದಲ್ಲಿ ಸಹಿ ಹಾಕಿದ. ಹಿಂದಿನ ಕೋಣೆಯ ಬಾಗಿಲಲ್ಲಿ ತಮ್ಮ ಒದ್ದೆ ಕೈ ಇಳಿಬಿಟ್ಟುಕೊಂಡು ನಿಂತಿದ್ದ. ಬೆರಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನೆಲ ಒದ್ದೆಯಾಗುತ್ತೆ ಕಣೋ ಎಂದು ಅಣ್ಣ ಗದರಿದ.

ಮರುದಿನ ಮೇಷ್ಟ್ರನ್ನು ಕರೆದುಕೊಂಡು ಹೋದರು. ಮನೆಯಲ್ಲಿ ಆ ಶರ್ಟು ಸಿಕ್ಕಿತು, ಒಗೆದು ಗರಿಗರಿ ಇಸ್ತ್ರಿಯಾಗಿ ಮಡಚಿಟ್ಟದ್ದು. ಕಲೆ ಗಿಲೆ ಇದ್ದರೆ ಹೋಗಲೆಂದೇ ಇಷ್ಟು ಬೇಗ ಲಾಂಡ್ರಿಗೆ ಹಾಕಿಸಿದ್ದಾರೆ ಎಂದು ಪೊಲೀಸರು ಅದನ್ನೂ ಅವರ ತಲೆಗೇ ಕಟ್ಟಿದರು. ಆ ಹೊತ್ತಿನಲ್ಲಿ ನಾನು ಕೆರೆಯ ಹತ್ತಿರ ಒಬ್ಬನೇ ಕೂತು ಮರ ಬರೆಯುತ್ತಿದ್ದೆ ಎಂದರಂತೆ ಮೇಷ್ಟ್ರು. ಮರ ಬಂದು ಸಾಕ್ಷಿ ಹೇಳೀತೇ?

ಬೀದಿಯಲ್ಲಿ ಅಣ್ಣನಿಗೆ ಬೆಲೆ ಬಂತು. ಬೇಕರಿಯವನು ಕೈ ಕುಲುಕಿದ. ಮೊಬೈಲ್ ಅಂಗಡಿಯವನೂ ಹಳದಿ ಚೀಟಿ ಅಂಟಿಸಿಕೊಂಡ. "ಛೆ, ಅಂಥ ಸಾಧು ಮನುಷ್ಯ, ಹೀಗೆ ಮಾಡ್ತಾರೆ ಅಂತ ಯಾರು ಅಂದ್ಕೊಂಡಿದ್ರು" ಎಂದು ಅಣ್ಣನೂ ತಲೆಯಾಡಿಸಿದ. ಒಳಗೊಳಗೆ ಉಬ್ಬಿದ್ದ ಎಂಬುದನ್ನು ಮುಚ್ಚಿಟ್ಟು ಹೇಳಬೇಕಾಗಿಲ್ಲ. ಮೇಷ್ಟ್ರ ಮನೆಗೆ ಚಿತ್ರ ಕಲಿಯಲು ಹೋಗುತ್ತಿದ್ದ ಮಕ್ಕಳನ್ನು ಅಪ್ಪ ಅಮ್ಮಂದಿರು ನಿಲ್ಲಿಸಿದರು. ಮಂಗಳವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ನರ್ಸಮ್ಮ ತೀರಿಕೊಂಡರು, ಕಣ್ಣು ಬಿಡದೆಯೇ. ಅಲ್ಲಿಗೆ ಪ್ರಕರಣ ಇನ್ನಷ್ಟು ಭಾರವಾಯಿತು.

ಆ ದಿನಗಳಲ್ಲಿ ತಮ್ಮ ಅಣ್ಣನಿಗೆ ಒಂದು ಬಕೆಟ್ಟನ್ನೂ ಎತ್ತಲು ಬಿಡಲಿಲ್ಲ. ಬೆಳಗಾಗುವ ಮೊದಲೇ ಎದ್ದು ಎಲ್ಲ ಮುಗಿಸಿಡುತ್ತಿದ್ದ. ತಟ್ಟೆಯಲ್ಲಿ ಒಳ್ಳೆಯದನ್ನು ಅಣ್ಣನ ಕಡೆಗೆ ಸರಿಸಿ ತಾನು ಎರಡು ತುತ್ತಿಗೆ ಎದ್ದುಬಿಡುತ್ತಿದ್ದ. ನರ್ಸಮ್ಮನನ್ನು ಹಚ್ಚಿಕೊಂಡಿದ್ದ, ಪಾಪ, ಎಂದುಕೊಂಡ ಅಣ್ಣ.

ಗುರುವಾರ ಬೆಳಿಗ್ಗೆ ಮೇಷ್ಟ್ರ ಹೆಂಡತಿ ಬಂದರು. ಅವರು ಬೈಯಲು ಬಂದಿರಬೇಕೆಂದು ಅಣ್ಣ ಮೈ ಬಿಗಿಹಿಡಿದ. ಆಕೆ ಬೈಯಲಿಲ್ಲ. ಕೈಚೀಲದಿಂದ ಒಂದು ಪುಟ್ಟ ಚೀಟಿ ತೆಗೆದು ಮೇಜಿನ ಮೇಲಿಟ್ಟು, ಹಾರಿಹೋಗದ ಹಾಗೆ ಬೆರಳಿಂದ ಒತ್ತಿ ಹಿಡಿದರು.

"ಇದು ನಿಮ್ಮದೇ ಚೀಟಿ ಅಲ್ವಾ? ನೋಡಿ. ಸೋಮವಾರ ಕೊಟ್ಟಿದ್ದು, ಗುರುವಾರ ವಾಪಸ್ಸು. ಹಸಿರು ಗೆರೆ ಶರ್ಟು ಒಂದು, ಪ್ಯಾಂಟು ಎರಡು."

"ಹೌದಮ್ಮ, ನಮ್ಮ ತಮ್ಮನ ಅಕ್ಷರ."

"ಕೊಟ್ಟು ನಾನು ಅಕ್ಕನ ಮನೆಗೆ ಹೋಗಿದ್ದೆ. ಇವರನ್ನ ಕರ್ಕೊಂಡು ಹೋದ್ಮೇಲೆ ಬಂದೆ. ನಿನ್ನೆ ಚೀಲ ಕೊಡವಿದಾಗ ಸಿಕ್ತು." ಅವರ ದನಿ ಮೆಲ್ಲಗಿತ್ತು, ಮಗುವಿಗೆ ಲೆಕ್ಕ ಹೇಳಿಕೊಡುವ ಹಾಗೆ. "ಬುಧವಾರ ಆ ಶರ್ಟು ನಮ್ಮನೇಲಿ ಇರಲೇ ಇಲ್ಲ. ನಿಮ್ಮ ಹತ್ರ ಇತ್ತು. ಠಾಣೇಲಿ ತೋರಿಸ್ದೆ. ಚೀಟಿ ಯಾರು ಬೇಕಾದ್ರೂ ಬರ್ಕೋಬಹುದು, ಲಾಂಡ್ರಿಯವರೇ ಮುಖ ಗುರುತಿಸಿದಾರೆ ಅಂದ್ರು."

"ಮುಖಾನಾ?" ಎಂದ ಅಣ್ಣ. "ಮುಖ ಎಲ್ಲಿತ್ತಮ್ಮ ಅದ್ರಲ್ಲಿ. ನಾನು ಹೇಳಿದ್ದು ಶರ್ಟು."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಇವರು ನಮ್ಮ ಮೇಷ್ಟ್ರು. ಹೇಳಿದ್ದು ಹಾಗೆ. ಈ ನಾಲ್ಕು ಗೋಡೆಯೊಳಗೆ ಆ ಮಾತಿಗೆ ಒಂದೇ ಅರ್ಥ, ಹೊಸಿಲು ದಾಟಿದರೆ ಇನ್ನೊಂದೇ ಅರ್ಥ. ಒಬ್ಬ ಮನುಷ್ಯನನ್ನು ಐದು ದಿನದಿಂದ ಲಾಕಪ್ಪಿನಲ್ಲಿ ಕೂರಿಸಿದ್ದು ಆ ಮಾತು.

"ಬೇರೆ ಏನೂ ಬೇಡ," ಎಂದರು ಆಕೆ. "ಒಂದ್ಸಲ ಬಂದು, ಶರ್ಟು ಅವತ್ತು ಅಂಗಡೀಲೇ ಇತ್ತು ಅಂತ ಹೇಳಿ. ಅವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ಕೊಡ್ತಾರೋ ಇಲ್ವೋ."

"ಬರ್ತೀನಮ್ಮ. ಇವತ್ತೇ ಬರ್ತೀನಿ."

ಆಕೆ ಕೈ ಮುಗಿಯಲು ಹೋದರು. ಅಣ್ಣ ಬೇಡವೆಂದು ತಲೆಯಾಡಿಸಿದ. ಅವರು ಹೋದ ಮೇಲೆ ಬಾಗಿಲಿನ ಗಾಜಿನ ಹಿಂದೆ ಬೀದಿ ನೋಡುತ್ತ ಕೆಲಹೊತ್ತು ನಿಂತ. ಶರ್ಟು ಬುಧವಾರ ಇಲ್ಲೇ ಇತ್ತು. ಬೆಳಿಗ್ಗೆ ಅದಕ್ಕೆ ಇಸ್ತ್ರಿ ಹಾಕಿ ಗೂಟದ ಸಾಲಿಗೆ ನೇತುಹಾಕಿದವನು ತಾನೇ. ಈಗ ಅದೂ ನೆನಪಿಗೆ ಬಂತು. ಇಲ್ಲಿದ್ದದ್ದು ಸಂಜೆ ಬೀದಿಯಲ್ಲಿ ಹೋದದ್ದು ಹೇಗೆ? ಅಂಗಡಿಯಲ್ಲಿ ಇರುವವರು ಇಬ್ಬರು. ಒಬ್ಬ ಕೂಗಾಟ ಕೇಳಿ ಒಳಗಿನಿಂದ ಓಡಿಬಂದವನು. ಅಣ್ಣ ಗಾಜಿನಿಂದ ತಿರುಗಿ ಒಳಗೆ ನಡೆದ.

ಹಿಂದಿನ ಕೋಣೆಯಲ್ಲಿ ತಮ್ಮ ಕುದಿಯುವ ನೀರಿಗೆ ಬಿಳಿ ಬಟ್ಟೆ ಇಳಿಸುತ್ತಿದ್ದ. ಆವಿಯಲ್ಲಿ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

"ಬುಧವಾರ ಮೇಷ್ಟ್ರನ್ನ ಹಾಕ್ಕೊಂಡು ಹೋಗಿದ್ದು ನೀನೇನೋ?"

ತಮ್ಮ ಕೋಲು ಕೆಳಗಿಟ್ಟ. ಹೆದರಲಿಲ್ಲ. ಅರ್ಥವಾಗದವನ ಹಾಗೆ ನೋಡಿದ.

"ಇದೇನಣ್ಣ, ಈಗ ಕೇಳ್ತೀಯ? ನಿನಗೆ ಗೊತ್ತಿತ್ತಲ್ಲ."

"ನನಗೇನು ಗೊತ್ತಿತ್ತು?"

"ಅದು ನಾನು ಅಂತ. ಗೊತ್ತಿದ್ದೇ ತಾನೇ ಮೇಷ್ಟ್ರು ಅಂದಿದ್ದು. ನನ್ನ ಉಳಿಸೋಕೆ ಹೇಳ್ದೆ. ಅಲ್ವಾ?"

ಅಣ್ಣ ಗೋಡೆಗೆ ಕೈ ಊರಿ ಹಾಗೇ ಕೆಳಗೆ ಕೂತುಬಿಟ್ಟ. ತಮ್ಮನಿಗೆ ನಿಧಾನವಾಗಿ ಅರ್ಥವಾಯಿತು. ಒಂದು ವಾರದಿಂದ ಅಣ್ಣ ತನಗಾಗಿ ಪಾಪ ಕಟ್ಟಿಕೊಂಡಿದ್ದಾನೆ ಎಂದು ನಂಬಿ, ಅದಕ್ಕೇ ಬಾಯಿ ಹೊಲಿದುಕೊಂಡು, ಆ ಋಣಕ್ಕೆ ಎರಡಾಳಿನ ಕೆಲಸ ಒಬ್ಬನೇ ಮಾಡಿದ್ದ. ಅಣ್ಣ ಅವನನ್ನು ಉಳಿಸಿರಲೇ ಇಲ್ಲ. ಅಣ್ಣ ಅವನನ್ನು ಗುರುತಿಸಿರಲೇ ಇಲ್ಲ.

"ನನ್ನ ಕೈ ಕೂಡ ಕಾಣ್ತಿತ್ತಲ್ಲಣ್ಣ ಅದ್ರಲ್ಲಿ," ಎಂದ ತಮ್ಮ ಕೊನೆಗೆ. ದೂರುವ ದನಿಯಲ್ಲಿ ಅಲ್ಲ.

ಆಮೇಲೆ ಎಲ್ಲ ಹೇಳಿದ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದಲ್ಲಿ ಒಬ್ಬಾಕೆ ಇದ್ದರು, ಗಂಡ ತೀರಿಕೊಂಡು ನಾಲ್ಕು ವರ್ಷವಾದವರು. ಬಟ್ಟೆ ಕೊಡಲು ಹೋದಾಗ ಮಾತು ಬೆಳೆದಿತ್ತು. ಬುಧವಾರ ಐದೂಕಾಲಿಗೆ ಪಾರ್ಕಿನಲ್ಲಿ ಸಿಗೋಣ ಎಂದಿದ್ದರು.

"ಹಾಕ್ಕೊಂಡು ಹೋಗೋಕೆ ನನ್ನ ಹತ್ರ ಏನಿತ್ತು ಹೇಳು. ಎರಡು ಗಂಟೆ ಮಟ್ಟಿಗೆ ಅಂತ ತೊಗೊಂಡೆ. ಸೈಕಲ್ಲಿನ ಬುಟ್ಟೀನೂ ಬಿಚ್ಚಿಟ್ಟೆ, ಲಾಂಡ್ರಿಯವನ ಥರ ಕಾಣಬಾರದು ಅಂತ. ಹಿಂದಿನ ಗಲ್ಲಿಯಿಂದ ಬೀದಿಗೆ ಬಂದೆ. ಬೇಕರಿ ಗಾಜಲ್ಲಿ ನನ್ನನ್ನೇ ನೋಡ್ಕೊಂಡೆ ಅಣ್ಣ. ಚೆನ್ನಾಗಿ ಕಾಣ್ತಿದ್ದೆ. ಅಷ್ಟೊತ್ತಿಗೆ ನರ್ಸಮ್ಮ ಮುಂದೆ ಬಂದಿದ್ರು."

"ಎತ್ತಬಾರದಿತ್ತೇನೋ?"

"ಎತ್ತೋಕೇ ಕೈ ಚಾಚಿದೆ. ಚಾಚಿದಾಗ ತೋಳು ಕಾಣಿಸ್ತು, ಹಸಿರು ತೋಳು. ಜನ ಸೇರ್ತಾರೆ, ಗಿರಾಕಿ ಬಟ್ಟೆ ಹಾಕ್ಕೊಂಡಿದಾನೆ ಅಂತಾರೆ, ಅಣ್ಣನ ಅಂಗಡಿ ಮರ್ಯಾದೆ ಹೋಯ್ತು ಅನ್ನಿಸ್ತು. ಅಷ್ಟೇ ತಲೆಗೆ ಬಂದಿದ್ದು. ಆಮೇಲೆ ಎಲ್ಲೆಲ್ಲೋ ಸುತ್ತಿದೆ. ಪಾರ್ಕಿಗೂ ಹೋಗಲಿಲ್ಲ. ಅವರು ಎಷ್ಟು ಹೊತ್ತು ಕಾದ್ರೋ."

ಸಾಕಿದ ಮಗುವನ್ನು ತಾನೇ ಹೆದರಿಸಿ ಬೆಳೆಸಿದ್ದು ಇದಕ್ಕೇ ಬಂತೇ ಎನ್ನಿಸಿತು ಅಣ್ಣನಿಗೆ. ಶನಿವಾರ ಬಂದರೆ ಒಳಗಿನ ದೃಶ್ಯ ತಾನಾಗಿ ಅಳಿಸಿಹೋಗುತ್ತದೆ; ಶರ್ಟು ಇಲ್ಲಿತ್ತು, ಯಾರು ಎತ್ತಿಕೊಂಡು ಹೋದರೋ ಗೊತ್ತಿಲ್ಲ ಎಂದರೆ ಮೇಷ್ಟ್ರೂ ಬಿಡುಗಡೆಯಾಗಬಹುದು, ಇವನೂ ಉಳಿಯಬಹುದು. ಆ ಯೋಚನೆ ಬಂತು, ಸುಳ್ಳೇಕೆ. ಬಂದು, ಸ್ವಲ್ಪ ಹೊತ್ತು ಕೂತೂ ಇತ್ತು. ಆದರೆ ಬಿಡುಗಡೆಯಾಗಬಹುದು ಎಂಬ ಮಾತಿನ ಮೇಲೆ ಮೇಷ್ಟ್ರನ್ನು ಇನ್ನೂ ಒಂದು ದಿನ ಒಳಗೆ ಕೂರಿಸುವ ಧೈರ್ಯ ಅವನಿಗೆ ಬರಲಿಲ್ಲ.

"ನಾನೊಬ್ಬನೇ ಹೋಗಿ ಹೇಳ್ತೀನಿ. ನೀನು ಬರಬೇಡ," ಎಂದ ತಮ್ಮ.

"ನಡಿ, ಇಬ್ಬರೂ ಹೋಗೋಣ."

ಇನ್ಸ್‌ಪೆಕ್ಟರಿಗೆ ಇದು ಹಿಡಿಸಲಿಲ್ಲ. ಮುಗಿದ ಕೆಲಸವನ್ನು ಯಾರೋ ಬಂದು ಬಿಚ್ಚಿ ಹರಡಿದರೆ ಯಾರಿಗೆ ತಾನೇ ಹಿಡಿಸುತ್ತದೆ? "ಅವತ್ತು ಖಾತ್ರಿ ಅಂದ್ರಿ, ಇವತ್ತು ಬಟ್ಟೆಗೆ ಹೇಳ್ದೆ ಅಂತೀರಿ. ಬಟ್ಟೆಗೆ ಯಾರ್ರೀ 'ಇವರು' ಅಂತಾರೆ?" ಎಂದರು. ಅಣ್ಣ ಲಾಂಡ್ರಿಯ ಭಾಷೆಯನ್ನು ವಿವರಿಸಲು ಹೊರಟ. ಡಾಕ್ಟರನ್ನ ನೆನೆಹಾಕುವುದು, ವಕೀಲರನ್ನ ಒಣಗಿಸುವುದು. ಪೇದೆ ನಗು ತಡೆಯಲಾರದೆ ಮುಖ ಆ ಕಡೆ ತಿರುಗಿಸಿದ. ಮಾತು ಅರ್ಧಕ್ಕೇ ನಿಂತಿತು.

"ಇವನು ನಾನೇ ಅಂದ ಮಾತ್ರಕ್ಕೆ ಅವರನ್ನ ಬಿಡೋಕಾಗಲ್ಲ," ಎಂದರು ಇನ್ಸ್‌ಪೆಕ್ಟರು. "ಮೇಷ್ಟ್ರ ಮೇಲಿನ ಕನಿಕರಕ್ಕೆ ಬಂದಿರಬಹುದು, ಯಾರಾದ್ರೂ ಹೇಳಿಕೊಟ್ಟಿರಬಹುದು. ಒಳಗೊಂದು ಕ್ಯಾಮೆರಾ ಇದೆಯಲ್ಲ ನಿಮ್ಮದು? ಇವನು ಆ ಶರ್ಟು ಹಾಕ್ಕೊಂಡಿದ್ದು ಅದ್ರಲ್ಲಿದ್ರೆ ಕಳಿಸಿ. ಅಲ್ಲಿವರೆಗೂ ಇವನೂ ಇಲ್ಲೇ ಇರ್ತಾನೆ."

ಹೊರಗೆ ಬರುವಾಗ ಓಣಿಯಂಥ ಜಾಗದಲ್ಲಿ, ಕಂಬಿಯ ಹಿಂದೆ, ಮುದುಡಿದ ಬೂದು ಬನಿಯನ್ನಿನ ಒಬ್ಬ ಮುದುಕ ಕೂತಿದ್ದ. ಅಣ್ಣ ಅವನನ್ನು ದಾಟಿ ಹೋದ. "ಅಣ್ಣ" ಎಂದು ಹಿಂದಿನಿಂದ ದನಿ ಕೇಳಿದಾಗಲೇ ತಿರುಗಿದ. ಮೇಷ್ಟ್ರು.

"ಅಣ್ಣ, ಅವತ್ತು ನಾನು ಆ ಕಡೆ ಬಂದೇ ಇರಲಿಲ್ಲ. ನೀವ್ಯಾಕೆ ಹಾಗಂದ್ರಿ?"

ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದರು. ಅಣ್ಣ "ತಪ್ಪಾಯ್ತು ಮೇಷ್ಟ್ರೆ" ಎಂದಷ್ಟೇ ಹೇಳಿ ಬಂದುಬಿಟ್ಟ.

ಅಂಗಡಿಗೆ ಬಂದು, ಬಾಗಿಲು ಅರ್ಧ ಎಳೆದು, ಒಳಗಿನ ಕ್ಯಾಮೆರಾದ ದೃಶ್ಯ ಕಾಣುವ ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂತ. ದಿನ ಹುಡುಕಿದ, ಗಂಟೆ ಹುಡುಕಿದ. ನಾಲ್ಕು ಐವತ್ತೆಂಟಕ್ಕೆ ತಮ್ಮ ಹಿಂದಿನ ಕೋಣೆಯಿಂದ ಬಂದ. ಗೂಟದ ಸಾಲಿನ ಮುಂದೆ ನಿಂತು ಒಂದೊಂದೇ ಹ್ಯಾಂಗರು ಸರಿಸಿದ. ಹಸಿರು ಶರ್ಟು ತೆಗೆದ. ತೋಳು ತೂರಿಸಿ, ಗುಂಡಿ ಹಾಕಿ, ಗಿರಾಕಿಗಳಿಗೆಂದು ಇಟ್ಟ ಕನ್ನಡಿಯ ಮುಂದೆ ಹೋದ. ಒದ್ದೆ ಕೈಯಲ್ಲಿ ಕೂದಲು ತೀಡಿದ. ಒಂದು ಪಕ್ಕಕ್ಕೆ ತಿರುಗಿದ, ಇನ್ನೊಂದು ಪಕ್ಕಕ್ಕೆ ತಿರುಗಿದ. ಅಡ್ಡಗೆರೆಯ ಜೇಬಿನ ಮೇಲೆ ಅಂಗೈ ಇಟ್ಟು ಸವರಿದ. ಆಮೇಲೆ ನಕ್ಕ, ಯಾರಿಗೂ ಅಲ್ಲ, ಕನ್ನಡಿಯಲ್ಲಿದ್ದವನಿಗೆ. ಎಷ್ಟು ಚೆನ್ನಾಗಿದ್ದ. ತಲೆಯಲ್ಲಿ ಅಲ್ಲಲ್ಲಿ ಬಿಳಿಕೂದಲು ಬಂದಿತ್ತು, ಅಮ್ಮನ ಹಾಗೆಯೇ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಇದೆಲ್ಲ ಯಾವಾಗ ಬಂತೋ ಅಣ್ಣನಿಗೆ ಗೊತ್ತಿರಲಿಲ್ಲ.

ತಮ್ಮ ಹೊರಡಲು ಹಿಂಬಾಗಿಲಿನ ಕಡೆ ಹೋದ, ಮತ್ತೆ ತಿರುಗಿ ಬಂದ. ಇಸ್ತ್ರಿ ಮೇಜಿನ ಎದುರಿಗೆ, ಎರಡು ಮೊಳ ದೂರದಲ್ಲಿ ನಿಂತ. ಮೇಜಿನ ಈ ಕಡೆ ಅಣ್ಣ ಇದ್ದ. ಕ್ಯಾಮೆರಾಗೆ ದನಿ ಇರಲಿಲ್ಲ, ಆದರೆ ಮಾತು ಅಣ್ಣನಿಗೆ ಈಗ ನೆನಪಾಯಿತು. ಅಣ್ಣ, ಸ್ವಲ್ಪ ಹೊರಗೆ ಹೋಗಿ ಬರ್ತೀನಿ. ಹೂಂ ಎಂದಿದ್ದ. ತಮ್ಮ ಹೋಗಲಿಲ್ಲ, ನಿಂತೇ ಇದ್ದ. ಪರದೆಯ ಮೂಲೆಯ ಗಡಿಯಾರದಲ್ಲಿ ನಲವತ್ತೊಂದು ಸೆಕೆಂಡು. ಬೇರೆಯವರ ಶರ್ಟು ಹಾಕಿಕೊಂಡು, ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟುಕೊಂಡು, ಅಣ್ಣ ಒಂದು ಸಲ ನೋಡಲಿ ಎಂದು ನಿಂತಿದ್ದ. ನೋಡಿದ್ದರೆ ಬೈಯುತ್ತಿದ್ದ, ತಮ್ಮ ಬಿಚ್ಚಿಡುತ್ತಿದ್ದ. ಇಲ್ಲವೇ, ಎಲ್ಲಿಗೋ ಹೊರಟಿದೀಯ ರಾಜನ ಹಾಗೆ, ಎಂದು ಕೇಳುತ್ತಿದ್ದನೇನೋ. ದೃಶ್ಯದಲ್ಲಿದ್ದ ಅಣ್ಣ ಯಾರದೋ ತೋಳು ತಿರುವಿಹಾಕಿ ಅದರ ಮಡಿಕೆ ತೀಡುತ್ತಿದ್ದ. ತಮ್ಮ ಹೋದ.

ಅಣ್ಣ ಅದನ್ನು ಮೂರು ಸಲ ನೋಡಿದ. ನಾಲ್ಕನೆಯ ಸಲ ನೋಡಿದರೆ ಕಳಿಸಲು ಆಗುವುದಿಲ್ಲ ಎಂದು ತಿಳಿದು ಠಾಣೆಗೆ ಕಳಿಸಿಬಿಟ್ಟ. ಕಾಲು ಗಂಟೆಗೆ ಪೇದೆಯ ಫೋನು ಬಂತು.

"ಬಂತು. ಶರ್ಟು ಸ್ಪಷ್ಟವಾಗಿದೆ, ಮುಖಾನೂ ಸ್ಪಷ್ಟವಾಗಿದೆ. ಮೇಷ್ಟ್ರನ್ನ ಸಂಜೆಗೆ ಬಿಡ್ತಾರೆ. ಹೇಳಿಕೆಗೆ ಒಂದು ಬೇಕು. ಹಸಿರು ಶರ್ಟಲ್ಲಿ ಇರೋನು ಯಾರು?"

"ನನ್ನ ತಮ್ಮ."

"ಎದುರಿಗೆ ಇಸ್ತ್ರಿ ಮಾಡ್ತಿರೋರು?"

"ನಾನು."

ಆ ಕಡೆ ಬರೆಯುವ ಸದ್ದು ಕೇಳಿಸಿತು. ಆಮೇಲೆ ಪೇದೆ ಕೇಳಿದ. "ಇಷ್ಟು ಹತ್ರ ನಿಂತಿದಾನಲ್ರೀ. ನಿಮಗೆ ಕಾಣಿಸಲಿಲ್ವಾ?"

"ಕಾಣಿಸ್ತಿತ್ತು ಸಾರ್," ಎಂದ ಅಣ್ಣ. "ನಾನು ನೋಡಲಿಲ್ಲ. ಹಾಗೇ ಬರ್ಕೊಳ್ಳಿ."